ತಾತನ ಸಮಾಧಿ ಕಲ್ಲಿಗೆ ಒಂದು ಇಸವಿ

ಒಂದು ವಾರದ ಕೆಲಸ ಅಂದುಕೊಂಡು ಕೈ ಹಾಕಿದ್ದೆ. ಮುಗಿಯೋಕೆ ಒಂದು ವರ್ಷ ಹಿಡಿಯಿತು. ಮಧ್ಯೆ ಹೊಸ ಗ್ರಾನೈಟ್ ಕಲ್ಲು ಕೆಟ್ಟಿತು, ಮನೆಯವರ ವಾಟ್ಸಾಪ್ ಗ್ರೂಪಿನಿಂದ ದೊಡ್ಡಪ್ಪ ಎದ್ದು ಹೋದರು, ನನಗೆ ಅರ್ಧಂಬರ್ಧ ಲ್ಯಾಟಿನ್ ಬಂತು.

ನನ್ನದು ದಾವಣಗೆರೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಒಳಗೆ ಬರುವ ಪ್ರತಿ ಮೋಟರಿಗೂ ಜಾಬ್ ಕಾರ್ಡ್ ಬರೆಯುವುದು ಅಭ್ಯಾಸ. ಬಂದ ತಾರೀಕು, ಎಷ್ಟು ಸುತ್ತು, ಯಾವ ಗೇಜ್ ತಂತಿ, ಎಲ್ಲಿ ಸುಟ್ಟಿದೆ, ಎಷ್ಟು ಖರ್ಚು. ಈ ಕೆಲಸಕ್ಕೂ ಹಾಗೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಮನೆತನದ ಹಳೇ ತಾರೀಕು ಹುಡುಕುವವರಿಗೆ, ಅದರಲ್ಲೂ ಹುಟ್ಟಿ ಎಷ್ಟೋ ವರ್ಷ ಆದಮೇಲೆ ಜ್ಞಾನಸ್ನಾನ (ತಲೆಗೆ ನೀರು ಹೊಯ್ದು ಕ್ರೈಸ್ತ ಮತಕ್ಕೆ ಸೇರಿಸಿಕೊಳ್ಳುವ ವಿಧಿ) ಆದವರ ನಮೂದು ಸಿಕ್ಕಿ ತಲೆ ಕೆರೆದುಕೊಳ್ಳುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ. ತಪ್ಪುಗಳನ್ನೂ ಬಿಟ್ಟಿಲ್ಲ.

2 ನವೆಂಬರ್ 2024

ಸಕಲ ಮೃತರ ದಿನ. ಮೇಣದಬತ್ತಿ ಹಚ್ಚೋಕೆ ಸ್ಮಶಾನಕ್ಕೆ ಹೋದಾಗ ತಾತನ ಸಮಾಧಿಯ ಸಿಮೆಂಟ್ ಹಲಗೆ ಎರಡು ಹೋಳಾಗಿತ್ತು. ಅಕ್ಷರ ಮೊದಲೇ ಅಳಿಸಿ ಹೋಗಿದ್ದವು. ಗ್ರಾನೈಟ್ ಹಾಕಿಸೋಣ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಕಪ್ಪು ಗ್ರಾನೈಟ್, 2 ಅಡಿಗೆ ಒಂದೂವರೆ ಅಡಿ, ಮುಕ್ಕಾಲು ಇಂಚು ದಪ್ಪ. ಕಲ್ಲಿಗೆ 2,600 ರೂಪಾಯಿ. ಕೆತ್ತನೆಗೆ ಅಕ್ಷರಕ್ಕೆ 30. ಒತ್ತಕ್ಷರಕ್ಕೆ ಬೇರೆ ಅಂದರು ಕಲ್ಲು ಕೆತ್ತುವವರು. 'ಪ್ಪ' ಒಂದೇ ಅಕ್ಷರ ಅಲ್ವಾ ಅಂತ ನಾನು. ನನ್ನ ಉಳಿಗೆ ಎರಡು ಅಂತ ಅವರು. ಅವರೇ ಗೆದ್ದರು.

"ಹುಟ್ಟಿದ್ದು ಯಾವಾಗ, ಹೇಳ್ರಿ."

ಮನೆಯ ಟ್ರಂಕಿನಲ್ಲಿ ತಾತನ ರೈಲ್ವೆ ನೌಕರಿಯ ಹಳೇ ಕಾಗದ ಇತ್ತು. ಅದರಲ್ಲಿ 1-6-1920. ತೀರಿಕೊಂಡದ್ದು 1984, ಆಗ ನನಗೆ 11 ವರ್ಷ, ಅದು ಸರಿಯಾಗಿ ಗೊತ್ತು. ಎರಡನ್ನೂ ಬರೆದುಕೊಟ್ಟೆ.

ಮೊದಲ ತಪ್ಪು ಇದೇ. ಒಂದೇ ಕಾಗದ ನೋಡಿ ಕಲ್ಲಿಗೆ ಉಳಿ ಹಾಕಿಸಿದೆ.

24 ನವೆಂಬರ್ 2024

ಕಲ್ಲು ಕೂರಿಸಿ ಆಯಿತು. ಹರಿಹರದಿಂದ ಅತ್ತೆ ಬಂದರು. ತಾತನ ಮಗಳು, ವಯಸ್ಸು 80. ಕಲ್ಲಿನ ಮುಂದೆ ನಿಂತು ಕನ್ನಡಕ ಸರಿ ಮಾಡಿಕೊಂಡರು.

"ಇದ್ಯಾರ ಇಸವಿ ಹಾಕ್ಸಿಯಪ್ಪಾ? ಅಪ್ಪ ಹುಟ್ಟಿದ್ದು ಜ್ವರದ ವರ್ಷ. ಅವರಮ್ಮ ಅದರಾಗೇ ಹೋದ್ಲು."

ಜ್ವರದ ವರ್ಷ ಅಂದರೆ 1918ರ ಇನ್‌ಫ್ಲುಯೆಂಜಾ. ಮೈಸೂರು ಸೀಮೆಯಲ್ಲಿ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಜೋರಾಗಿ ಹಬ್ಬಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಕಾಗದದ ಪ್ರಕಾರ ತಾತ ಹುಟ್ಟುವ ಹೊತ್ತಿಗೆ ಅವರ ತಾಯಿ ಸತ್ತು ಒಂದೂವರೆ ವರ್ಷ ಆಗಿರಬೇಕು!

ಮನೆಗೆ ಬಂದು ಜೂನ್ 1ರ ಬಗ್ಗೆ ಯೋಚನೆ ಮಾಡಿದೆ. ನಮ್ಮ ಬೀದಿಯಲ್ಲೇ ಜೂನ್ 1ಕ್ಕೆ ಹುಟ್ಟಿದ ಹಿರಿಯರು ನಾಲ್ಕು ಜನ ಇದ್ದಾರೆ. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದಿದ್ದರೆ ಮೇಷ್ಟ್ರು ಅದನ್ನೇ ಬರೆಯುತ್ತಿದ್ದರು. ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಸರ್ಕಾರಿ ಜನನ ದಾಖಲೆ ಕೇಳೋಣ ಅಂದರೆ ಈಗಿನ ಜನನ ಮರಣ ನೋಂದಣಿ ಕಾಯಿದೆಯೇ 1969ರದ್ದು. ಮುತ್ತಾತ ರೈಲ್ವೆ ಗ್ಯಾಂಗ್‌ಮನ್. ಇವತ್ತು ಬೀರೂರು, ನಾಳೆ ಚಿಕ್ಕಜಾಜೂರು. ಗ್ಯಾಂಗಿನ ಗುಡಿಸಲಲ್ಲಿ ಹುಟ್ಟಿದ ಮಗುವಿನ ಹೆಸರು ಯಾವ ಶಾನುಭೋಗರ ಪುಸ್ತಕದಲ್ಲಿ ಹುಡುಕಲಿ? ಉಳಿದದ್ದು ಚರ್ಚಿನ ಜ್ಞಾನಸ್ನಾನದ ರಿಜಿಸ್ಟರ್.

11 ಜನವರಿ 2025: ಮೊದಲ ಭೇಟಿ, ಬರಿಗೈ

ಡಿಸೆಂಬರ್ ಪೂರ್ತಿ ತಪ್ಪು ವಿಳಾಸಕ್ಕೆ ಕಾಗದ ಬರೆದು ಹಾಳಾಯಿತು. ನಮ್ಮ ಕಡೆಯ ಧರ್ಮಕ್ಷೇತ್ರಗಳು, ಅಂದರೆ ಒಬ್ಬೊಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶಗಳು, ಒಂದರಿಂದ ಒಂದು ಒಡೆದು ಬಂದಂಥವು. 1963ರಲ್ಲಿ ಮೈಸೂರಿನಿಂದ ಚಿಕ್ಕಮಗಳೂರು ಬೇರೆಯಾಯಿತು, 1988ರಲ್ಲಿ ಶಿವಮೊಗ್ಗ ಆಯಿತು. ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ, ಅಲ್ಲಿವರೆಗೆ ನಾವು ಚಿತ್ರದುರ್ಗ ಜಿಲ್ಲೆ. ಈಗಿನ ನಕ್ಷೆ ಹಿಡಿದು ಹುಡುಕಿದರೆ ಆಗಲ್ಲ. ಆಮೇಲೆ ಗೊತ್ತಾಯಿತು, ಮೂಲ ರಿಜಿಸ್ಟರ್ ಎಲ್ಲೂ ಹೋಗಿಲ್ಲ, ತಾತನ ಮದುವೆಯಾದ ಚರ್ಚಿನಲ್ಲೇ ಇದೆ ಅಂತ. ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಒಂದು ಗಂಟೆ ಬಸ್ಸು, ಆಮೇಲೆ ಒಳದಾರಿಯಲ್ಲಿ ಅರ್ಧ ಗಂಟೆ. ಫಾದರ್ ಒಳ್ಳೆಯವರು. ಆದರೆ ಇವು ಸಾರ್ವಜನಿಕ ಪುಸ್ತಕ ಅಲ್ಲ ಅಂತ ಮೊದಲೇ ಹೇಳಿದರು. 1910ರಿಂದ 1945ರವರೆಗೆ ಮಾತ್ರ ನೋಡಬಹುದು, ಅವರ ಎದುರಿಗೇ ನೋಡಬೇಕು, ಬೇರೆ ಮನೆಯವರ ಹೆಸರು ಹೊರಗೆ ಹಾಕಬಾರದು. ನ್ಯಾಯವಾದ ಮಾತು.

ರಿಜಿಸ್ಟರಿನ ಹಿಂದೆ ಹೆಸರುಗಳ ಸೂಚಿ ಇತ್ತು, ರೋಮನ್ ಅಕ್ಷರದಲ್ಲಿ. ತಾತನನ್ನು ಊರೆಲ್ಲ ರಾಯಪ್ಪ ಅಂತಿದ್ದರು. ನಾನು 'ಆರ್' ಅಕ್ಷರದ ಕೆಳಗೆ ಹುಡುಕಿದೆ. ಮೂರು ಗಂಟೆ. ಒಬ್ಬ ರಾಯಪ್ಪನೂ ಇಲ್ಲ. ಅನುಮಾನ ಬಂದು ಪುಟ ಪುಟವೂ ತಿರುಗಿಸಿದೆ. ಇಲ್ಲವೇ ಇಲ್ಲ. ಇನ್ನೇನು ಎದ್ದು ಹೊರಡಬೇಕು, ಫಾದರ್ ಬಂದು ಯಾವ ಹೆಸರು ಅಂತ ಕೇಳಿದರು.

"ರಾಯಪ್ಪ ಅಂದ್ರೆ ಪೇತ್ರ ಅಲ್ವೇನ್ರಿ! 'ಪಿ' ನೋಡಿ. ಪೆತ್ರುಸ್ ಅಂತಿರುತ್ತೆ."

ನಮ್ಮ ಹಳೇ ಕ್ಯಾಥೋಲಿಕ್ ಹೆಸರುಗಳ ಸಂಗತಿ ಇದು. ಕರೆಯುವುದು ಒಂದು, ಸ್ವಾಮಿಗಳು, ಅಂದರೆ ಚರ್ಚಿನ ಪಾದ್ರಿಗಳು, ಬರೆಯುತ್ತಿದ್ದುದು ಅದರ ಲ್ಯಾಟಿನ್ ರೂಪ. ಚಿನ್ನಪ್ಪ ಪುಸ್ತಕದಲ್ಲಿ ಪೌಲುಸ್, ಇನ್ನಾಸಪ್ಪ ಇಗ್ನಾಸಿಯುಸ್, ಅಂತೋಣಪ್ಪ ಅಂತೋನಿಯುಸ್, ಶೌರಪ್ಪ ಅಂದರೆ ಕ್ಸೇವಿಯರ್. ಹುಡುಕೋಕೆ ಹೋಗುವ ಮುಂಚೆ ಮನೆಯವರ ಹೆಸರಿನ ಎರಡೂ ರೂಪ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನನಗೆ ಇದಕ್ಕೆ ಒಂದು ದಿನ ಹೋಯಿತು.

ಹೊತ್ತಾಗಿತ್ತು. ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡು ಬಂದೆ. ಒಂದರಲ್ಲಿ ಫ್ಲ್ಯಾಶ್ ಬಿಳಿ ಕಲೆ, ಎರಡರಲ್ಲಿ ನನ್ನ ಕೈ ನೆರಳು, ಇನ್ನೊಂದರಲ್ಲಿ ಪುಟದ ಮಡಿಕೆ ಉಬ್ಬಿ ಸಾಲುಗಳೆಲ್ಲ ಹಾವಿನ ಹಾಗೆ.

ಜನವರಿ ಕೊನೆ ವಾರ: ಫೋಟೋ ಸ್ಟ್ಯಾಂಡ್

ಇದು ನನ್ನ ಕೈಗೆ ಹತ್ತುವ ಕೆಲಸ. ಖುಷಿಯಿಂದ ಮಾಡಿದೆ.

ಪುಟದ ಅಳತೆ ಎತ್ತರ 38 ಸೆಂಮೀ, ಅಗಲ 25. ಹೊಲಿಗೆ ಹಳೆಯದು, ಪುಸ್ತಕವನ್ನು ಪೂರ್ತಿ ಅಗಲಿಸಿ ಒತ್ತಿದರೆ ಬೆನ್ನು ಮುರಿಯುತ್ತದೆ. ಅದಕ್ಕೆ ಎರಡು ಪ್ಲೈವುಡ್ ಹಲಗೆಗಳನ್ನು ಬಾಗಿಲ ಕೀಲು ಹಾಕಿ ಸೇರಿಸಿದೆ. ಒಂದು ಮೇಜಿನ ಮೇಲೆ ಮಲಗಿರುತ್ತದೆ, ಇನ್ನೊಂದು ಓರೆಯಾಗಿ ಎದ್ದು ನಿಲ್ಲುತ್ತದೆ, ಮಧ್ಯದ ಕೋನ ಸುಮಾರು 110 ಡಿಗ್ರಿ. ಮಲಗಿದ ಪುಟದ ಫೋಟೋ ತೆಗೆಯುವುದು. ಮೊದಲು ಬಲಪುಟಗಳನ್ನೆಲ್ಲ ಮುಗಿಸಿ, ಆಮೇಲೆ ಹಲಗೆ ತಿರುಗಿಸಿ ಎಡಪುಟಗಳು.

ಕ್ಯಾಮೆರಾ ನಿಲ್ಲಿಸೋಕೆ 25 ಮಿಮೀ ಪಿವಿಸಿ ಪೈಪು. ಒಂದು ಕಂಬ, ಒಂದು ತೋಳು, ತೋಳಿನ ತುದಿಗೆ ಫೋನ್ ಕ್ಲ್ಯಾಂಪ್. ಪುಟದಿಂದ ಫೋನಿಗೆ 24 ಸೆಂಮೀ. ಒಂದು ಪುಟಕ್ಕೆ ಎರಡು ಫೋಟೋ, ಮೇಲಿನ ಅರ್ಧ, ಕೆಳಗಿನ ಅರ್ಧ.

ಬೆಳಕಿಗೆ ಎರಡು 9 ವ್ಯಾಟ್ ಎಲ್‌ಇಡಿ ಬಲ್ಬು, ಎರಡೂ ಬದಿಯಿಂದ 45 ಡಿಗ್ರಿ ಓರೆ. ಮೇಲಿಂದ ಬೆಳಕು ಬಿಟ್ಟರೆ ಶಾಯಿ ಹೊಳೆಯುತ್ತದೆ. ಮೊದಲ ಸಲ ಬರೀ ಬಲ್ಬು ಹಾಕಿದ್ದೆ, ಕಾಗದದ ಪ್ರತಿ ಸುಕ್ಕಿಗೂ ಒಂದು ನೆರಳು ಬಂತು. ಟ್ರೇಸಿಂಗ್ ಪೇಪರ್ ಅಡ್ಡ ಕಟ್ಟಿದ ಮೇಲೆ ಸರಿಹೋಯಿತು.

ಖರ್ಚು: ಪ್ಲೈವುಡ್ ಅಂಗಡಿಯ ತುಂಡು, ಸೊನ್ನೆ. ಕೀಲು ಎರಡು 60. ಪೈಪು, ಬೆಂಡು, ಟೀ ಎಲ್ಲ ಸೇರಿ 140. ಕ್ಲ್ಯಾಂಪ್ 180. ಹೋಲ್ಡರ್ ಮತ್ತು ಬಲ್ಬು 260. ಟ್ರೇಸಿಂಗ್ ಪೇಪರ್ 20. ಒಟ್ಟು 660 ರೂಪಾಯಿ.

ಪುಟ ಚಪ್ಪಟೆಯಾಗಲಿ ಅಂತ 3 ಮಿಮೀ ಅಕ್ರಿಲಿಕ್ ಹಾಳೆಯೂ 220 ಕೊಟ್ಟು ತಂದಿದ್ದೆ. ಅದು ದಂಡ. ಹಳೇ ಕಾಗದದ ಮೇಲೆ ಭಾರ ಇಡಬೇಡಿ ಅಂದರು ಫಾದರ್. ಒಂದು ರಟ್ಟಿನ ಪಟ್ಟಿಯಲ್ಲಿ ಅಂಚನ್ನು ಮೆಲ್ಲಗೆ ಹಿಡಿದುಕೊಂಡರೆ ಸಾಕಾಗಿತ್ತು. ಈಗ ಆ ಹಾಳೆ ಅಂಗಡಿಯ ಕ್ಯಾಶ್ ಡ್ರಾಯರ್ ಮೇಲೆ ಬಿದ್ದಿದೆ.

8 ಫೆಬ್ರವರಿ 2025: ಎರಡನೇ ಭೇಟಿ

ಈ ಸಲ 'ಪಿ'. 1917ರಿಂದ 1922ರವರೆಗೆ ಪೆತ್ರುಸ್‌ಗಳಿಗೆ ಬರವಿಲ್ಲ. ಆದರೆ ತಂದೆ ಇಗ್ನಾಸಿಯುಸ್ ಇರುವ ಪೆತ್ರುಸ್ ಒಬ್ಬನೂ ಇಲ್ಲ. ಮುತ್ತಾತನ ಹೆಸರು ಇನ್ನಾಸಪ್ಪ, ಅದರಲ್ಲಿ ಅನುಮಾನ ಇರಲಿಲ್ಲ. ಸೂಚಿಯಲ್ಲಿ ಬೆರಳಿಟ್ಟು ಕೆಳಗೆ ಬರುತ್ತಾ ಇದ್ದಾಗ ಅಂಥವನೊಬ್ಬ ಸಿಕ್ಕ. ಪುಟದ ಸಂಖ್ಯೆ ಮಾತ್ರ ಬಹಳ ಮುಂದಿನದು. ತೆಗೆದು ನೋಡಿದರೆ 12 ಮೇ 1941.

ಯಾರೋ ಬೇರೆ ಮಗು ಅಂದುಕೊಂಡೆ. ಸಾಲಿನಲ್ಲಿ '23' ಕಂಡಿತು. ತಾಯಿಯ ಹೆಸರೂ ಹೊಂದಿತು. ತಾತನೇ. ಜ್ಞಾನಸ್ನಾನ ಆಗಿದ್ದು 23ನೇ ವಯಸ್ಸಿನಲ್ಲಿ!

ಶಾಯಿ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಇದಕ್ಕೆ ಎರಡು ಉಪಾಯ ಕೆಲಸ ಮಾಡಿದವು. ಖೋಟಾ ನೋಟು ಪತ್ತೆ ಮಾಡುವ ಯುವಿ ಟಾರ್ಚು ಅಂಗಡಿಯಲ್ಲಿತ್ತು. ಫಾದರ್ ಒಪ್ಪಿಗೆ ಕೇಳಿ ಎರಡು ಮೂರು ಸೆಕೆಂಡು ಬಿಟ್ಟೆ. ಕಾಗದ ಮಂದವಾಗಿ ಹೊಳೆಯುತ್ತದೆ, ಕಬ್ಬಿಣದ ಅಂಶ ಇರುವ ಹಳೇ ಶಾಯಿ ಕಪ್ಪಗೆ ಕಾಣುತ್ತದೆ. ಫಾದರ್ ಕೂಡ ಬಗ್ಗಿ ನೋಡಿದರು. ಜಾಸ್ತಿ ಹೊತ್ತು ಬಿಡಬಾರದು, ಕಾಗದಕ್ಕೆ ಒಳ್ಳೆಯದಲ್ಲ. ಎರಡನೆಯದು ಮನೆಗೆ ಬಂದ ಮೇಲೆ. ಎಡಿಟ್ ಮಾಡುವ ಆ್ಯಪಿನಲ್ಲಿ ಫೋಟೋದ ನೀಲಿ ಚಾನೆಲ್ ಒಂದನ್ನೇ ಇಟ್ಟುಕೊಂಡರೆ ಕಂದು ಶಾಯಿ ಗಾಢವಾಗಿ ಎದ್ದು ಕಾಣುತ್ತದೆ.

ಅಕ್ಷರ ಕಂಡವು. ಅರ್ಥ ಆಗಬೇಕಲ್ಲ? ಇಲ್ಲಿಂದ ನನ್ನ ಪ್ರತಾಪ.

ಪ್ರತಿ ನಮೂದೂ ರೋಮನ್ ಅಕ್ಷರದ ಡಿ-ಐ-ಇ ಇಂದ ಶುರು. ನಾನು ಅದನ್ನು ಇಂಗ್ಲಿಷಿನ ಡೈ ಅಂತ ಓದಿ, ಅಯ್ಯೋ ಇವರೆಲ್ಲ ಸತ್ತವರ ಪಟ್ಟಿ ತೆಗೆದುಕೊಂಡು ಬಂದೆನಲ್ಲ ಅಂತ ಬೆವೆತೆ. ಲ್ಯಾಟಿನ್‌ನಲ್ಲಿ ಅದು 'ದಿಯೆ'. ಈ ದಿನದಂದು ಅಂತ ಅಷ್ಟೇ.

ತಾತನ ನಮೂದಿನ ಮಧ್ಯೆ 'ಸಬ್ ಕಂಡ್.' ಅಂತ ಎರಡು ಪದ. ತಾತ ರೈಲ್ವೆಯವರು. ಇನ್ನೇನು ಬೇಕು? ಸಬ್ ಕಂಡಕ್ಟರ್! ಅಂಥದ್ದೊಂದು ಹುದ್ದೆ ಇತ್ತೋ ಇಲ್ಲವೋ, ನಾನು ಯೋಚಿಸಲೂ ಇಲ್ಲ. ಅವತ್ತು ರಾತ್ರಿಯೇ ಗ್ರೂಪಿನಲ್ಲಿ ಹಾಕಿದೆ: ತಾತ ರೈಲ್ವೆಯಲ್ಲಿ ಸಬ್ ಕಂಡಕ್ಟರ್ ಆಗಿದ್ದರು, 1941ರಲ್ಲಿ ಮದುವೆಗೋಸ್ಕರ ಕ್ರೈಸ್ತರಾದರು, ನಮ್ಮ ಮನೆತನ ಅಲ್ಲಿಂದ ಶುರು.

ಹತ್ತು ನಿಮಿಷದಲ್ಲಿ ದೊಡ್ಡಪ್ಪನ ಫೋನು. ತಾತನ ಹಿರಿಯ ಮಗ, 82 ವರ್ಷ.

"ನಾವು ಹುಟ್ಟಾ ಕ್ರೈಸ್ತರು ಕಣೋ. ನಮ್ಮಜ್ಜ ಇನ್ನಾಸಪ್ಪ ಕೊರಳಲ್ಲಿ ಜಪಸರ ಹಾಕ್ಕೊಂಡೇ ಸತ್ತೋನು. ನಿಂಗೆ ಯಾರು ಹೇಳಿದ್ದು ಇದನ್ನೆಲ್ಲ?"

ರಿಜಿಸ್ಟರ್ ಹೇಳುತ್ತೆ ದೊಡ್ಡಪ್ಪಾ ಅಂದೆ. ಫೋನ್ ಇಟ್ಟರು. ಗ್ರೂಪಿನಿಂದಲೂ ಹೋದರು.

ಇಡೀ ಕೆಲಸದಲ್ಲಿ ದೊಡ್ಡ ತಪ್ಪು ಇದು. ಇನ್ನಾಸಪ್ಪ ಅನ್ನುವುದೇ ಕ್ರೈಸ್ತ ಹೆಸರು. ಅಪ್ಪ ಕ್ರೈಸ್ತ, ಮಗ 23 ವರ್ಷಕ್ಕೆ ಹೊಸದಾಗಿ ಮತಕ್ಕೆ ಬಂದ ಅಂದರೆ ಹೇಗೆ? ಪುರಾವೆ ಅದೇ ಸಾಲಿನಲ್ಲಿತ್ತು. ನನಗೆ ರಿವೈಂಡಿಂಗ್ ಕಲಿಸಿದ ಮೇಸ್ತ್ರಿ ಹೇಳೋರು, ಸುತ್ತು ಎಣಿಸದೆ ಹಳೇ ತಂತಿ ಕೀಳಬೇಡ ಅಂತ. ಸುತ್ತು ಎಣಿಸದೇ ಕಿತ್ತೆ.

ಫೆಬ್ರವರಿ, ಮಾರ್ಚ್: ಸುತ್ತು ಎಣಿಸಿದ್ದು

ತಾತನ ಸಾಲೊಂದನ್ನೇ ನೋಡುವುದು ಬಿಟ್ಟು ಎಲ್ಲ ಸಾಲೂ ಓದೋಣ ಅಂತ ಕೂತೆ. 300 ಚಿಲ್ಲರೆ ನಮೂದು ಎಕ್ಸೆಲ್‌ಗೆ ಹಾಕಿದೆ. ಹೆಸರು ಬಿಟ್ಟು ಬರೀ ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ಮಧ್ಯದ ಅಂತರ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ, ಜೊತೆಗೆ ಮಂಡಕ್ಕಿ ಮಿರ್ಚಿ. ಕೀಬೋರ್ಡ್ ತುಂಬ ಎಣ್ಣೆ.

ಸಿಕ್ಕಿದ ತೊಡಕುಗಳು:

ಎಕ್ಸೆಲ್ 1900ಕ್ಕಿಂತ ಹಿಂದಿನ ತಾರೀಕನ್ನು ತಾರೀಕು ಅಂತ ಒಪ್ಪುವುದೇ ಇಲ್ಲ. ತಡವಾಗಿ ಜ್ಞಾನಸ್ನಾನ ಆದ ವಯಸ್ಕರು ಹುಟ್ಟಿದ್ದು 1890ರ ದಶಕದಲ್ಲಿ, ಹಾಗಾಗಿ ನನಗೆ ಬೇಕಾದ ಸಾಲುಗಳಲ್ಲೇ ಲೆಕ್ಕ ಕೈಕೊಟ್ಟಿತು. ಪರಿಹಾರ ಸುಲಭ. ಎರಡೂ ತಾರೀಕಿಗೆ 400 ವರ್ಷ ಸೇರಿಸಿ. ಕ್ಯಾಲೆಂಡರ್ 400 ವರ್ಷಕ್ಕೊಮ್ಮೆ ಹಾಗೇ ಮರಳಿ ಬರುವುದರಿಂದ ಅಂತರ ಒಂದು ದಿನವೂ ತಪ್ಪಲ್ಲ. 1896 ಬದಲು 2296.

ಇನ್ನೊಂದು ತೊಡಕು ತಿಂಗಳು. ಸ್ವಾಮಿಗಳೊಬ್ಬರು '8 ಬ್ರಿಸ್', '7 ಬ್ರಿಸ್' ಅಂತ ಬರೆದಿದ್ದರು. ನಾನು ಎಂಟನೇ ತಿಂಗಳು ಆಗಸ್ಟ್, ಏಳನೆಯದು ಜುಲೈ ಅಂತ ಹಾಕಿದೆ. ಹಲವು ಮಕ್ಕಳ ಜ್ಞಾನಸ್ನಾನ ಎರಡೆರಡು ತಿಂಗಳು ತಡ ಅಂತ ಬಂತು. ನಿಜವಾಗಿ 8 ಬ್ರಿಸ್ ಅಂದರೆ ಅಕ್ಟೋಬರ್. ಲ್ಯಾಟಿನ್‌ನಲ್ಲಿ ಅಕ್ಟೋ ಅಂದರೆ ಎಂಟು, ಹಳೇ ರೋಮನ್ ವರ್ಷ ಮಾರ್ಚಿಯಿಂದ ಶುರು. 7 ಬ್ರಿಸ್ ಸೆಪ್ಟೆಂಬರ್, 9 ನವೆಂಬರ್, ರೋಮನ್ ಹತ್ತು ಡಿಸೆಂಬರ್. ತಿದ್ದಿದ ಮೇಲೆ ಆ ಮಕ್ಕಳೆಲ್ಲ ಸರಿಯಾದ ಹೊತ್ತಿಗೇ ಚರ್ಚಿಗೆ ಬಂದಿದ್ದರು. ತಡ ಮಾಡಿದ್ದು ನಾನು.

ತಿದ್ದಿದ ಪಟ್ಟಿಯನ್ನು ಅಂತರದ ಪ್ರಕಾರ ಜೋಡಿಸಿದಾಗ ತಡದಲ್ಲೂ ಜಾತಿಗಳಿವೆ ಅಂತ ಕಂಡಿತು. ಚರ್ಚಿನ ಪಕ್ಕದವರದ್ದು ಕೆಲವೇ ದಿನ. ಆದಷ್ಟು ಬೇಗ ಕೊಡಿಸಬೇಕು ಅನ್ನುವುದು ನಿಯಮ. ದೂರದ ಹಳ್ಳಿ, ರೈಲ್ವೆ ಗ್ಯಾಂಗಿನವರದ್ದು ತಿಂಗಳುಗಟ್ಟಲೆ. ಅವುಗಳ ತಾರೀಕು ನೋಡಿದರೆ ಒಂದೇ ದಿನ ಆರು ಏಳು ಮಕ್ಕಳು, ಮತ್ತೆ ಎಷ್ಟೋ ದಿನ ಏನೂ ಇಲ್ಲ. ಸ್ವಾಮಿಗಳು ಆ ಕಡೆ ಸುತ್ತು ಬಂದ ದಿನಗಳು ಅವು. ಒಂದೇ ಮನೆಯ ಮೂವರು ಮಕ್ಕಳು, ಆರು ವರ್ಷದವನು, ಮೂರು ವರ್ಷದವಳು, ಕೈಕೂಸು, ಸಾಲಾಗಿ ಒಂದೇ ದಿನ. ಹೊಸದಾಗಿ ಮತಕ್ಕೆ ಬಂದ ವಯಸ್ಕರ ಸಾಲುಗಳು ಬೇರೆಯೇ. ಅಲ್ಲಿ 'ಅದುಲ್ತುಸ್' ಅಂತ ಇತ್ತು, ಅಂದರೆ ವಯಸ್ಕ. ಅಪ್ಪ ಅಮ್ಮನ ಹೆಸರು ಹಿಂದೂ ಹೆಸರು.

ತಾತನ ಸಾಲು ಈ ಯಾವುದಕ್ಕೂ ಸೇರಲಿಲ್ಲ. 'ಅದುಲ್ತುಸ್' ಇಲ್ಲ. ಅಪ್ಪ ಅಮ್ಮ ಇಬ್ಬರದೂ ಕ್ರೈಸ್ತ ಹೆಸರು. ಬೇರೆ ಯಾರ ಸಾಲಿನಲ್ಲೂ ಇಲ್ಲದ ಆ 'ಸಬ್ ಕಂಡ್.' ಇವರಿಗೆ ಮಾತ್ರ.

ಏಪ್ರಿಲ್: ಲ್ಯಾಟಿನ್ ಬಲ್ಲವರು

ನಿವೃತ್ತರಾದ ವಯಸ್ಸಾದ ಸ್ವಾಮಿಗಳೊಬ್ಬರ ಹತ್ತಿರ ಫೋಟೋ ಒಯ್ದೆ. ಸಬ್ ಕಂಡಕ್ಟರ್ ಕಥೆ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು.

"ಸುಬ್ ಕೊಂಡಿಸಿಯೋನೆ. ಷರತ್ತಿನ ಜ್ಞಾನಸ್ನಾನ. ಮೊದಲೇ ಆಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದಾಗ ಕೊಡೋದು. ನೀನು ಈಗಾಗಲೇ ಜ್ಞಾನಸ್ನಾನ ಪಡೆದಿಲ್ಲವಾದರೆ ನಾನು ಕೊಡುತ್ತೇನೆ ಅಂತ ಹೇಳಿ ನೀರು ಹೊಯ್ಯೋದು. ಎರಡು ಸಲ ಕೊಡೋ ಹಾಗಿಲ್ಲವಲ್ಲ, ಅದಕ್ಕೆ ಈ ಷರತ್ತು."

23ರ ಪಕ್ಕದ ಪದ 'ಚಿರ್ಚಿತೆರ್'. ಸುಮಾರು ಅಂತ. ಅಂದರೆ ಸುಮಾರು 23 ವರ್ಷ. ಇದನ್ನು ನಾನು ಯಾರದೋ ಮನೆತನದ ಹೆಸರು ಅಂತ ಪಟ್ಟಿಗೆ ಹಾಕಿದ್ದೆ.

ತಡ ಆಯ್ತು ಅಂತ ಬೇಜಾರು ಬೇಡ ಅಂದರು. ಸಂತ ಅಗಸ್ಟೀನರಿಗೆ ಜ್ಞಾನಸ್ನಾನ ಆಗಿದ್ದು 387ರಲ್ಲಿ, 32ನೇ ವಯಸ್ಸಿಗೆ. ಕಾನ್‌ಸ್ಟಂಟೈನ್ ಚಕ್ರವರ್ತಿಗೆ 337ರಲ್ಲಿ, ಮರಣಶಯ್ಯೆಯ ಮೇಲೆ. "ನಿಮ್ಮ ತಾತ ಅವರಿಗಿಂತ ಬೇಗ."

ಆಮೇಲೆ ಕೇಳಿದರು: "ಅಂಚಿನಲ್ಲಿ ಏನು ಬರೆದಿದೆ?"

ಯಾವ ಅಂಚು?

ಫೋಟೋದಲ್ಲಿ ಎಡ ಅಂಚೇ ಇರಲಿಲ್ಲ. ಸುಮಾರು 3 ಸೆಂಮೀ ಕಡಿದು ಹೋಗಿತ್ತು. ಎಲ್ಲ ಎಡಪುಟಗಳಲ್ಲೂ ಹಾಗೇ. ಮನೆಗೆ ಬಂದು ಸ್ಟ್ಯಾಂಡ್ ಬಿಚ್ಚಿ ನೋಡಿದೆ. ನಾನು ಪುಟದ ಮಧ್ಯಕ್ಕೆ ಫೋನನ್ನು ಕೂರಿಸಿದ್ದೆ. ಫೋನಿನ ಲೆನ್ಸ್ ಎಲ್ಲಿದೆ? ಮೂಲೆಯಲ್ಲಿ! ಮಧ್ಯಕ್ಕೆ ಬರಬೇಕಾದದ್ದು ಲೆನ್ಸು, ಫೋನ್ ಅಲ್ಲ. ಇಷ್ಟು ವರ್ಷ ಶಾಫ್ಟ್ ಸೆಂಟರ್ ಮಾಡಿಕೊಂಡು ಬದುಕಿದವನು ನಾನು.

1908ರಿಂದೀಚೆಗೆ, ಯಾರದಾದರೂ ಮದುವೆಯಾದರೆ ಅದನ್ನು ಅವರ ಜ್ಞಾನಸ್ನಾನದ ನಮೂದಿನ ಪಕ್ಕ ಬರೆಯಬೇಕು ಅಂತ ನಿಯಮ ಇದೆಯಂತೆ. ನನಗೆ ಬೇಕಾದ ಮಾತು ನಾನು ಕತ್ತರಿಸಿ ಬಿಟ್ಟುಬಂದ 3 ಸೆಂಮೀ ಒಳಗಿತ್ತು.

17 ಮೇ 2025: ಮೂರನೇ ಭೇಟಿ

ತೋಳಿಗೆ ಉದ್ದನೆಯ ತೂತು ಕೊರೆದು ಕ್ಲ್ಯಾಂಪ್ ಆಚೀಚೆ ಜಾರುವ ಹಾಗೆ ಮಾಡಿದೆ. ಎತ್ತರ 24ರಿಂದ 30 ಸೆಂಮೀಗೆ ಏರಿಸಿದೆ. ಪುಟದ ನಾಲ್ಕೂ ಮೂಲೆ ಕಾಣದಿದ್ದರೆ ಫೋಟೋ ಲೆಕ್ಕಕ್ಕಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಬಸ್ಸಿನ ದರ ಜನವರಿಯಲ್ಲೇ ಏರಿತ್ತು, ಅದೂ ಹೋಯಿತು. ಪೂಜೆಗೆ ಅಂತ ಚರ್ಚಿಗೆ 500 ಕೊಟ್ಟೆ.

ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಮದುವೆ, 14 ಮೇ 1941. ಷರತ್ತಿನ ಜ್ಞಾನಸ್ನಾನ ಆಗಿ ಎರಡೇ ದಿನಕ್ಕೆ.

ಹಾಗಾದರೆ ಮದುವೆಗೆ ಜ್ಞಾನಸ್ನಾನದ ಚೀಟಿ ಕೇಳಿದ್ದಾರೆ. ಹುಟ್ಟಿದ ಕಡೆ ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲ. ಆಗಿದೆ ಅಂತ ಮನೆಯವರು ಹೇಳಿರಬೇಕು, ಖಚಿತ ಮಾಡೋಕೆ ಆಗಿಲ್ಲ. ಅಲ್ಲಿವರೆಗೆ ಸರಿ. ಆಗಿದೆ ಅಂತ ಯಾಕೆ ಅಂದುಕೊಂಡಿದ್ದರು? ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಪಂಪ್‌ಸೆಟ್ ಸೀಸನ್. ಕೆಲಸ ನಿಂತಿತು.

8 ಸೆಪ್ಟೆಂಬರ್ 2025: ಹರಿಹರ

ಆರೋಗ್ಯಮಾತೆಯ ಹಬ್ಬ. ಪ್ರತಿ ವರ್ಷ ಹೋಗುತ್ತೇವೆ. ಜನಜಾತ್ರೆಯಲ್ಲಿ ಅತ್ತೆಯನ್ನು ಒಂದು ಮರದ ನೆರಳಿಗೆ ಕೂರಿಸಿ, ಮಜ್ಜಿಗೆ ತಂದುಕೊಟ್ಟು ಕೇಳಿದೆ. ಈ ಸಲ ಇಸವಿ ಕೇಳಲಿಲ್ಲ. ಹುಟ್ಟಿದಾಗ ಯಾರು ಯಾರು ಇದ್ದರು ಅಂತ ಕೇಳಿದೆ. ಕಳೆದ ವರ್ಷವೇ ಹಾಗೆ ಕೇಳಿದ್ದರೆ ಬಸ್ಸಿನ ದುಡ್ಡು ಉಳಿಯುತ್ತಿತ್ತು.

"ದೊಡ್ಡತ್ತೆ ಹೇಳ್ತಿದ್ಲು, ಅಪ್ಪನ ಅಕ್ಕ. ಅವಳಿಗೆ ಆಗ ಎಂಟು ವರ್ಷ. ಅವರಮ್ಮ ಜ್ವರದಾಗೆ ಬಿದ್ದಿದ್ಲು. ಕೂಸೂ ನೀಲಿ ಆಗಿತ್ತಂತೆ. ಸ್ವಾಮಿಗಳನ್ನ ಕರೆಯೋಕೆ ಹೋಗೋರು ಯಾರು, ಎಲ್ರೂ ಮಲಗಿದ್ರು. ಅವರಜ್ಜಿನೇ ಚೊಂಬಿನಾಗೆ ನೀರು ತಗೊಂಡು ಕೂಸಿನ ತಲೆ ಮೇಲೆ ಹುಯ್ದ್ಲಂತೆ."

ಮೈ ಜುಮ್ಮೆಂದಿತು. ಸಾಯುವ ಹಾಗಿರುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ನೀರು ಹೊಯ್ಯಬೇಕು, ಪಿತನ ಸುತನ ಪವಿತ್ರಾತ್ಮರ ನಾಮದಲ್ಲಿ ಅಂತ ಹೇಳಬೇಕು. ನಂಬಿಕಸ್ತ ಸಾಕ್ಷಿ ಒಬ್ಬರಿದ್ದರೂ ಅದನ್ನು ಒಪ್ಪುತ್ತಾರೆ ಅಂತ ವಯಸ್ಸಾದ ಸ್ವಾಮಿಗಳು ಹೇಳಿದ್ದರು.

"ಹಾಗಾದ್ರೆ ಮದುವೆ ಹೊತ್ತಿಗೆ ದೊಡ್ಡತ್ತೆ ಇದ್ರಲ್ಲ ಅತ್ತೆ. ಅವರು ಯಾಕೆ ಸಾಕ್ಷಿ ಹೇಳಲಿಲ್ಲ?"

"ಹೇಳಿದ್ಲು. ನೀರು ಹುಯ್ದದ್ದು ನೋಡಿದೀನಿ, ಅಜ್ಜಿ ಬಾಯಾಗೆ ಏನೋ ಅಂದ್ಲು, ಏನಂದ್ಲೋ ಕೇಳಿಸ್ಲಿಲ್ಲ ಅಂದ್ಲಂತೆ. ಸುಳ್ಳು ಯಾಕೆ ಹೇಳ್ಲಿ ಅಂತಿದ್ಲು."

ಅಜ್ಜಿ ಏನಂದಳೋ ಕೇಳಿಸದ ಆ ಒಂದು ಮಾತಿಗೆ 23 ವರ್ಷ ಆದಮೇಲೆ 'ಸುಬ್ ಕೊಂಡಿಸಿಯೋನೆ'.

ಲೆಕ್ಕವೂ ಕೂಡಿತು. ಜ್ವರ ಹಬ್ಬಿದ್ದು 1918ರ ಮಳೆಗಾಲದ ಕೊನೆಗೆ. ಅಲ್ಲಿಂದ ಮೇ 1941ಕ್ಕೆ 22 ತುಂಬಿ 23 ನಡೆಯುತ್ತಿತ್ತು. ಸುಮಾರು 23. ಅತ್ತೆಯ ಬಾಯಿಮಾತು, ಸ್ವಾಮಿಗಳ ಶಾಯಿ, ಎರಡೂ ಒಂದೇ ವರ್ಷಕ್ಕೆ ಬಂದು ನಿಂತವು. ತಿಂಗಳು, ತಾರೀಕು ಸಿಗಲಿಲ್ಲ. ಪಟ್ಟಿಯಲ್ಲಿ ಆ ಎರಡು ಮನೆ ಖಾಲಿ ಬಿಟ್ಟಿದ್ದೇನೆ.

ದೊಡ್ಡಪ್ಪನ ಮನೆಗೆ ಖುದ್ದಾಗಿ ಹೋದೆ. ಫೋಟೋ ತೋರಿಸಿ ಎಲ್ಲ ಹೇಳಿದೆ. ತಪ್ಪಾಯ್ತು ಅಂದೆ. ಬಹಳ ಹೊತ್ತು ಫೋಟೋ ನೋಡುತ್ತಿದ್ದರು.

"ಸಬ್ ಕಂಡಕ್ಟರ್ ಅಂತೆ" ಅಂದರು ಕೊನೆಗೆ. ಗ್ರೂಪಿಗೆ ವಾಪಸ್ ಸೇರಿಸು ಅಂತಲೂ ಅಂದರು.

ಅಕ್ಟೋಬರ್ 2025: ಕಲ್ಲಿನ ರಿಪೇರಿ

ಕೆತ್ತಿದ್ದು 1920. ಬೇಕಾದದ್ದು 1918. ಹೊಸ ಕಲ್ಲಿಗೆ ಮತ್ತೆ 2,600 ಕೊಡೋಕೆ ಮನಸ್ಸಿಲ್ಲ. ನಾನೇ ತುಂಬುತ್ತೇನೆ ಅಂತ ಹೊರಟೆ.

ಮೊದಲ ಪ್ರಯತ್ನ: ಎಪಾಕ್ಸಿಗೆ ಕಪ್ಪು ಪಿಗ್ಮೆಂಟ್ ಕಲಸಿ '20'ರ ಗುಂಡಿಗೆ ತುಂಬಿದೆ. 350 ರೂಪಾಯಿ. ಹಾರ್ಡನರ್ ಕಮ್ಮಿ ಆಯ್ತು, ಮೂರು ದಿನವಾದರೂ ಅಂಟು ಅಂಟು. ಇರುವೆ ಹತ್ತಿದವು. ಕೆರೆದು ತೆಗೆದೆ.

ಎರಡನೆಯದು: ಅದೇ ಕಲ್ಲಿನ ಪುಡಿ ಕಲಸಿದೆ, ಅಳತೆ ಸರಿ ಹಾಕಿದೆ. ಗಟ್ಟಿಯಾಯಿತು. 400, 800, 1500 ನಂಬರಿನ ಉಜ್ಜು ಕಾಗದದಲ್ಲಿ ನೀರು ಹಾಕಿ ತಿಕ್ಕಿದೆ. ಎದುರಿನಿಂದ ನೋಡಿದರೆ ಏನೂ ಕಾಣಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದರೆ ಬೂದು ಬಣ್ಣದ 20 ದೆವ್ವದ ಹಾಗೆ ಎದ್ದು ಬರುತ್ತದೆ. ಅದರ ಮೇಲೆ ಉಳಿ ಇಟ್ಟರೆ ಚಕ್ಕೆ ಏಳುತ್ತೆ ಅಂದರು ಕಲ್ಲಿನವರು.

ಸೋತು ಕಲ್ಲನ್ನು ಆಟೋದಲ್ಲಿ ಅವರ ಹತ್ತಿರಕ್ಕೇ ಒಯ್ದೆ. ಆ ಒಂದು ಸಾಲನ್ನೇ ಇಡಿಯಾಗಿ 4 ಮಿಮೀ ತಗ್ಗು ಮಾಡಿ, ಪಾಲಿಶ್ ಹಾಕಿ, ಹೊಸದಾಗಿ ಕೆತ್ತೋಣ ಅಂದರು. ತಗ್ಗು ಮಾಡೋಕೆ 600. ಪಟ್ಟಿ ಹಾಕಿದ ಹಾಗೆ ಕಾಣುತ್ತದೆ, ಬೇಕಂತಲೇ ಮಾಡಿಸಿದ್ದು ಅನ್ನಿಸುತ್ತದೆ. ಮೊದಲೇ ಇವರನ್ನು ಕೇಳಿದ್ದರೆ 350 ಉಳಿಯುತ್ತಿತ್ತು.

"ಏನು ಕೆತ್ತಲಿ, ಈ ಸಲ ಸರಿಯಾಗಿ ಹೇಳ್ರಿ."

ಚೀಟಿ ಕೊಟ್ಟೆ. 'ಸು. 1918 – 1984'.

"ಇದೇನಿದು ಸು?"

"ಸುಮಾರು ಅಂತ."

ಅವರು ಚೀಟಿ ತಿರುಗಿಸಿ ನೋಡಿದರು. ಕಲ್ಲಿನ ಮೇಲೆ ಸುಮಾರು ಅಂತ ಕೆತ್ತಿಸಿದವರು ಇದುವರೆಗೆ ಯಾರೂ ಬಂದಿರಲಿಲ್ಲವಂತೆ. ಪೆನ್ಸಿಲ್ ತೆಗೆದು ಎಣಿಸಿದರು. ಸು ಒಂದು, ಅಂಕಿ ಎಂಟು, ಗೆರೆ ಒಂದು. 300 ರೂಪಾಯಿ. ಕೊಂಬಿಗೆ ಬೇರೆ ದುಡ್ಡು ಕೇಳ್ತಾರೇನೋ ಅಂತ ಕಾದೆ. ಕೇಳಲಿಲ್ಲ.

"ಚುಕ್ಕೆ?" ಅಂದೆ.

"ಚುಕ್ಕೆ ಸುಮ್ನೆ ಹಾಕ್ತೀನಿ ತಗೊಳ್ರಿ."